ಜರ್ಮನ್ ಕ್ಲಾರಿನೆಟ್ಟೂ ಫ್ರೆಂಚ್ ಕ್ಲಾರಿನೆಟ್ಟೂ: ನಾದಭೇದದ ವಿಮರ್ಶೆ

ಪಾಶ್ಚಾತ್ಯ ವಾದ್ಯವೃಂದಗಳ ಕ್ಲಾರಿನೆಟ್ ವಾದಕರಲ್ಲಿ ಎರಡು ಸಂಪ್ರದಾಯಗಳುಂಟು. ಜರ್ಮನಿ, ಆಸ್ಟ್ರಿಯಗಳಲ್ಲಿ ಜರ್ಮನ್ ಪದ್ಧತಿಯ ವಾದ್ಯವೂ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳೇ ಮೊದಲಾದೆಡೆ ಫ್ರೆಂಚ್ ಪದ್ಧತಿಯ ವಾದ್ಯವೂ ರೂಢಿಯಲ್ಲಿವೆ. ಮೊದಲನೆಯದರ ನಾದ ಗಂಭೀರ, ಎರಡನೆಯದರದು ಉಜ್ಜ್ವಲ ಎಂದು ವಿಮರ್ಶಕರು ಹೇಳುತ್ತ ಬಂದಿರುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಭೇದದ ಕಾರಣವನ್ನು ಗೊತ್ತುಮಾಡದೆ ಅದನ್ನು ಎರಡು ಜನಾಂಗಗಳ ಸ್ವಭಾವಕ್ಕೆ ಆರೋಪಿಸುವ ವಾಡಿಕೆ ಪರೀಕ್ಷೆಗೆ ನಿಲ್ಲಲಾರದು.

ಮೊದಲು ಹುಟ್ಟಿನ ವಿಚಾರ. 'ಫ್ರೆಂಚ್' ಪದ್ಧತಿಯನ್ನು ಪ್ಯಾರಿಸಿನಲ್ಲಿ ಕ್ಲೋಸೆ ಎಂಬ ವಾದಕನೂ ಬ್ಯುಫೆ ಎಂಬ ವಾದ್ಯಶಿಲ್ಪಿಯೂ ಕೂಡಿ ರಚಿಸಿ 1839ರಲ್ಲಿ ಪ್ರದರ್ಶಿಸಿದರು. ಅದಕ್ಕೆ ಆಧಾರವಾದುದು ಮ್ಯೂನಿಚ್ ನಗರದ ಥಿಯೋಬಾಲ್ಡ್ ಬೋಮನು ಕೊಳಲಿಗೆ ಅಳವಡಿಸಿದ್ದ ಉಂಗುರದ ಕೀಲುಗಳು; ಆ ಪದ್ಧತಿಗೆ ಇಂದಿಗೂ ಬೋಮನದೇ ಹೆಸರು. 'ಜರ್ಮನ್' ಪದ್ಧತಿಯ ಮೂಲವಾದರೋ ಇವಾನ್ ಮ್ಯುಲರನ 13 ಕೀಲುಗಳ ವಾದ್ಯ. ಅವನು ಅದನ್ನು 1812ರಲ್ಲಿ ಮುಂದಿಟ್ಟುದು ಪ್ಯಾರಿಸಿನ ಸಂಗೀತಶಾಲೆಯ ಪರೀಕ್ಷಕರೆದುರು. ಎಲ್ಲ ಶ್ರುತಿಗಳ ಕೃತಿಗಳನ್ನೂ ಒಂದೇ ವಾದ್ಯದಲ್ಲಿ ನುಡಿಸಿದರೆ ಬೇರೆ ಬೇರೆ ಅಳತೆಯ ಕ್ಲಾರಿನೆಟ್ಟುಗಳ ನಾದವೈಶಿಷ್ಟ್ಯ ಅಳಿಯುವುದೆಂದು ಅವರು ಅದನ್ನು ಒಪ್ಪಲಿಲ್ಲ. ಈ ಪರಂಪರೆಯನ್ನೇ 1860ರ ಸುಮಾರಿಗೆ ಕಾರ್ಲ್ ಬೇರ್ಮಾನನೂ ಒಟ್ಟೆನ್‌ಸ್ಟೈನರನೂ, ಅನಂತರ ಬರ್ಲಿನ್ನಿನ ಓಸ್ಕರ್ ಓಲರನೂ ಬೆಳೆಯಿಸಿದರು. ಹೀಗೆ ಹೆಸರುಗಳು ಒಂದು ದೇಶವನ್ನು ಸೂಚಿಸಿದರೆ ಚರಿತ್ರೆ ಎರಡನ್ನೂ ಸೂಚಿಸುತ್ತದೆ.

ಇನ್ನು ರಚನೆಯ ವಿಚಾರ. ಬೋಮ್ ವಾದ್ಯದಲ್ಲಿ ಸಾಮಾನ್ಯವಾಗಿ 17 ಕೀಲುಗಳೂ 6 ಉಂಗುರಗಳೂ ಇರುವುವು. ಕಿರುಬೆರಳಿಗೆ ಸೇರಿದ ಹಲವು ಸ್ವರಗಳನ್ನು ಎಡಗೈಯಿಂದಾಗಲಿ ಬಲಗೈಯಿಂದಾಗಲಿ ಹಿಡಿಯಬಹುದಾದ್ದರಿಂದ ದ್ರುತಸಂಚಾರ ಸುಲಭ. ಓಲರ್ ವಾದ್ಯದಲ್ಲಿ ಕಿರುಬೆರಳು ಅನೇಕ ವೇಳೆ ಕೀಲಿನಿಂದ ಕೀಲಿಗೆ ಜಾರಬೇಕು, ಅದಕ್ಕೆಂದೇ ಉರುಳೆಗಳನ್ನಿಟ್ಟಿರುವರು. ಇದೆಲ್ಲ ಮುಖ್ಯವಾಗಿ ಬೆರಳಿನ ಮಾತು. ರಂಧ್ರಗಳ ಸ್ಥಾನ ಗಾತ್ರಗಳ ಮೂಲಕ ಕೀಲುಗಳ ಜೋಡಣೆಯೂ ನಾದವನ್ನು ಕೊಂಚ ಬದಲಿಸುವುದು ನಿಜವೇ. ಆದರೆ ನಾದವನ್ನು ಹೆಚ್ಚಾಗಿ ನಿರ್ಣಯಿಸುವುವು ಒಳನಾಳದ ಆಕಾರ, ಊದುವ ತುದಿ, ರೀಡು, ವಾದಕನ ಶಿಕ್ಷಣ ಇವು. ಜರ್ಮನ್ ರೀಡು ಹೆಚ್ಚು ಕಿರಿದು. ಅದನ್ನು ದಾರದಿಂದ ಸುತ್ತಿ ಕಟ್ಟುವ ಪದ್ಧತಿಯೂ ಉಂಟು. ಬೋಮನ ಕೀಲುಗಳನ್ನು ಜರ್ಮನ್ ಒಳನಾಳಕ್ಕೆ ಜೋಡಿಸಿ ಫ್ರಿಟ್ಸ್ ವುರ್ಲಿಟ್ಸರನು ನಿರ್ಮಿಸಿದ 'ರಿಫಾರ್ಮ್ ಬೋಮ್' ವಾದ್ಯ ನೆದರ್ಲೆಂಡ್ಸಿನಲ್ಲಿ ಬಳಕೆಗೆ ಬಂದಿತು. ಕೀಲೂ ನಾದವೂ ಬೇರ್ಪಡಿಸಬಹುದಾದ ವಿಷಯಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಬ್ರಾಮ್ಸನ ಕೃತಿಗಳಿಗೆ ಓಲರ್ ವಾದ್ಯವೇ ಯುಕ್ತವೆಂಬ ವಾದವನ್ನೂ ಇದೇ ದೃಷ್ಟಿಯಿಂದ ನೋಡಬೇಕು. 1891ರ ತ್ರಯವಾದ್ಯ, ಪಂಚವಾದ್ಯ ಕೃತಿಗಳನ್ನೂ 1894ರ ಎರಡು ಸೊನಾಟಗಳನ್ನೂ ಅವನು ಬರೆದುದು ಮೈನಿಂಗೆನ್ನಿನ ಮ್ಯೂಲ್‌ಫೆಲ್ಡನ ವಾದನದಿಂದ ಪ್ರೇರಿತನಾಗಿ. ಮ್ಯೂಲ್‌ಫೆಲ್ಡನು ನುಡಿಸುತ್ತಿದ್ದುದು ಬೇರ್ಮಾನ್ ಪದ್ಧತಿಯ ವಾದ್ಯ. ಆದುದರಿಂದ ಓಲರ್ ವಾದ್ಯ ಅದಕ್ಕೆ ಹತ್ತಿರದ ಬಂಧುವೆನ್ನಬಹುದೇ ಹೊರತು ಅದೇ ಎನ್ನಲಾಗದು.

'ನಾದ'ವೆಂಬ ಪದವನ್ನು ಪರೀಕ್ಷಿಸದೆ ಬಳಸಿದರೆ ಆಗುವ ಅನರ್ಥಕ್ಕೆ ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದದ ಪ್ರಸಂಗವೇ ನಿದರ್ಶನ. 1982ರಲ್ಲಿ ನಿರ್ದೇಶಕ ಕಾರಾಯನ್ ಆರಿಸಿದ ಸಬೀನ್ ಮೇಯರ್ ಅವರನ್ನು ಪರೀಕ್ಷಾವಧಿಯ ಕೊನೆಯಲ್ಲಿ ವೃಂದವು 73ಕ್ಕೆ 4 ಮತಗಳಿಂದ ನಿರಾಕರಿಸಿತು. ಅವರ ನಾದ ಉಳಿದವರ ನಾದದೊಡನೆ ಬೆರೆಯದೆಂಬುದು ಹೇಳಿದ ಕಾರಣ. ಅವರು ನುಡಿಸುತ್ತಿದ್ದುದೋ ಜರ್ಮನ್ ಪದ್ಧತಿಯ ವಾದ್ಯವನ್ನೇ! ಆ ವೃಂದದಲ್ಲಿ ಆಗ ಸ್ತ್ರೀಯರು ಅತಿ ವಿರಳರಾಗಿದ್ದರು. ನೇಮಕದ ಅಧಿಕಾರ ಯಾರದೆಂಬ ಕಲಹವೂ ನಿರ್ದೇಶಕನಿಗೂ ವೃಂದಕ್ಕೂ ನಡುವೆ ಎದ್ದಿತ್ತು. ಪದ್ಧತಿ ಒಂದೇ ಆದಮೇಲೆ 'ಬೆರೆಯದ ನಾದ'ವೆಂಬುದಕ್ಕೆ ವಾದ್ಯವನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.

ವಿಮರ್ಶಕನು 'ಗಂಭೀರ', 'ಉಜ್ಜ್ವಲ' ಎಂಬ ವಿಶೇಷಣಗಳನ್ನು ಬಿಡಬೇಕಾಗಿಲ್ಲ. ಅವು ಒಳನಾಳಕ್ಕೆ ಸಲ್ಲುವುವೋ ರೀಡಿಗೋ ವಾದಕನಿಗೋ, ಇಲ್ಲವೆ ತನ್ನ ಪೂರ್ವಗ್ರಹಕ್ಕೋ ಎಂಬುದನ್ನು ಪ್ರತಿಸಲವೂ ವಿವೇಚಿಸುವುದು ಅವನ ಕರ್ತವ್ಯ.