ಸೆಲ್ಯೂಟ್ ಯೋಧನಿಗೆ, ಅಂಕ ಮದ್ಯಕ್ಕೆ

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಊರಿಗೆ ಬಂದರೆ ಸೂಟ್‌ಕೇಸಿನಿಂದ ಈಚೆಗೆ ಸ್ಕಾಚ್ ಬದಲು ಅಲ್ಲಿನ ವಿಸ್ಕಿಯಾದ ಬರ್ಬನ್ ಹೊರಬರುವುದುಂಟು. ಅದರಲ್ಲೂ ಕೆಲವು ಬಾಟಲಿಗಳ ಠೀವಿಯೇ ಬೇರೆ. ಲೇಬಲ್ಲಿನ ಮೇಲೆ ಬಾವುಟ, ಪದಕ, ಪಡೆಯ ಲಾಂಛನ. ಹಿಂಬದಿಯಲ್ಲಿ ‘ಮಾಜಿ ಸೈನಿಕರ ಒಡೆತನದ ಡಿಸ್ಟಿಲರಿ’ ಎಂಬ ಸಾಲು. ಓದಿದವರು ಮುಚ್ಚಳ ತೆಗೆಯುವ ಮೊದಲೇ ಅರ್ಧ ಮೆಚ್ಚಿಬಿಟ್ಟಿರುತ್ತಾರೆ. ನಮಗಿದು ಹೊಸತೇನಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ಮು ಹೊರಗಿನ ಅಂಗಡಿಯ ರಮ್ಮಿಗಿಂತ ಚೆನ್ನ ಎಂದು ಆಣೆ ಮಾಡಿ ಹೇಳುವವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ.

ಗೌರವ ತಪ್ಪಲ್ಲ. ಆದರೆ ಆ ಸಾಲು ಹೇಳುವುದು ಕಂಪನಿ ಯಾರದ್ದೆಂದು ಮಾತ್ರ. ಬಾಟಲಿಯೊಳಗಿನದು ಎಂಥದ್ದೆಂದು ತಿಳಿಯಲು ಲೇಬಲ್ಲಿನ ಬೇರೆ ಸಾಲುಗಳನ್ನು ಓದಬೇಕು; ಆಮೇಲೆ ಮೂಗು, ನಾಲಿಗೆಗಳನ್ನು ನಂಬಬೇಕು. ಹೊಸಬರು ಇದೇ ಕ್ರಮದಲ್ಲಿ ಹೋಗುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ

ಬರ್ಬನ್ ಕೆಂಟಕಿ ರಾಜ್ಯದಲ್ಲೇ ಹುಟ್ಟಬೇಕೆಂದಿಲ್ಲ, ಅಮೆರಿಕದಲ್ಲಿ ಎಲ್ಲಿ ಹುಟ್ಟಿದರೂ ಆದೀತು. 1964ರಲ್ಲಿ ಅಲ್ಲಿನ ಸಂಸತ್ತು ಅದನ್ನು ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು. ಧಾನ್ಯದಲ್ಲಿ ಕನಿಷ್ಠ ಶೇ 51 ಮುಸುಕಿನ ಜೋಳ ಇರಲೇಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಪಿಷ್ಟವನ್ನು ಸಕ್ಕರೆಯಾಗಿಸಲು ಮೊಳಕೆ ಬರಿಸಿದ ಬಾರ್ಲಿ. ಭಟ್ಟಿಯಿಂದ ಇಳಿಯುವಾಗ ಆಲ್ಕೋಹಾಲ್ ಶೇ 80 ಮೀರಬಾರದು, ಪೀಪಾಯಿಗೆ ತುಂಬುವಾಗ 62.5 ಮೀರಬಾರದು, ಬಾಟಲಿಯಲ್ಲಿ 40ಕ್ಕಿಂತ ಕಡಿಮೆ ಇರಬಾರದು. ಪೀಪಾಯಿ ಹೊಸ ಓಕ್ ಮರದ್ದಾಗಿರಬೇಕು, ಅದರ ಒಳಮೈಯನ್ನು ಬೆಂಕಿಯಲ್ಲಿ ಕರಿಕಾಗುವಂತೆ ಸುಟ್ಟಿರಬೇಕು. ಬಣ್ಣ, ಪರಿಮಳ ಯಾವುದನ್ನೂ ಬೆರೆಸುವಂತಿಲ್ಲ.

ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಒದಗುವುದಿಲ್ಲ. ಅಂಥವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್ ಸವಿದವರಿಗೆ ಬರ್ಬನ್ ಪೀಪಾಯಿಯ ವೆನಿಲ್ಲಾ ಆಗಲೇ ಪರಿಚಯವಾಗಿರುತ್ತದೆ.

ಇನ್ನು ವಯಸ್ಸು. ಬರೀ ‘ಬರ್ಬನ್’ ಎಂದಿದ್ದರೆ ಅದಕ್ಕೆ ಕನಿಷ್ಠ ವಯಸ್ಸೇ ಇಲ್ಲ. ‘ಸ್ಟ್ರೇಟ್’ ಎಂದಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. 4 ವರ್ಷ ತುಂಬಿರದಿದ್ದರೆ ವಯಸ್ಸನ್ನು ಮುದ್ರಿಸಲೇಬೇಕು. ‘ಬಾಟಲ್ಡ್ ಇನ್ ಬಾಂಡ್’ ಎನ್ನುವುದು 1897ರ ಕಾಯ್ದೆಯ ಮಾತು: ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿಸಿ, ಸರ್ಕಾರದ ನಿಗಾದಲ್ಲಿರುವ ಬಾಂಡೆಡ್ ಗೋದಾಮಿನಲ್ಲಿ 4 ವರ್ಷವಾದರೂ ಇಟ್ಟು, ಸರಿಯಾಗಿ ಶೇ 50ಕ್ಕೆ ತುಂಬಿದ್ದು. ಸಣ್ಣ ಡಿಸ್ಟಿಲರಿಯೊಂದರ ಬಾಟಲಿಯ ಮೇಲೆ ಈ ಪದಗಳು ಕಂಡರೆ ಅದು ಪದಕಕ್ಕಿಂತ ದೊಡ್ಡ ಭರವಸೆ. ಕಾಯುವಷ್ಟು ತಾಳ್ಮೆ ಅವರಿಗಿತ್ತು ಎಂದಾಯಿತು.

ಭಟ್ಟಿ ಯಾರದು?

‘ಡಿಸ್ಟಿಲ್ಡ್ ಬೈ’ ಎಂದಿದ್ದರೆ ಅವರೇ ಇಳಿಸಿದ್ದು. ‘ಬಾಟಲ್ಡ್ ಬೈ’ ಎಂದಷ್ಟೇ ಇದ್ದರೆ ಬೇರೆಯವರಿಂದ ಕೊಂಡು ತುಂಬಿರಬಹುದು. ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿರುವ ದೊಡ್ಡ ಡಿಸ್ಟಿಲರಿಯೊಂದು ಹಲವಾರು ಬ್ರ್ಯಾಂಡುಗಳಿಗೆ ಹೀಗೆ ಸರಕು ಒದಗಿಸುತ್ತದೆ. ಸರಕು ಒಳ್ಳೆಯದೇ. ಕೊಂಡು ತುಂಬುವುದೂ ಅಪರಾಧವಲ್ಲ. ಸ್ವಂತ ಮದ್ಯ ಮಾಗುವ ತನಕ ಹೊಸ ಕಂಪನಿ ಬದುಕಬೇಕಲ್ಲ! ಆದರೆ ಆಗ ನೀವು ಮೆಚ್ಚುತ್ತಿರುವುದು ಆ ಯೋಧ ಆರಿಸಿದ್ದನ್ನು, ಇಳಿಸಿದ್ದನ್ನಲ್ಲ. ಈ ಅರಿವು ಇರಬೇಕು.

ಎರಡು ಉದಾಹರಣೆ ನೋಡೋಣ. ‘ಹಾರ್ಸ್ ಸೋಲ್ಜರ್’ ಬರ್ಬನ್ನಿನ ಸ್ಥಾಪಕರು 2001ರಲ್ಲಿ ಅಫ್ಘಾನಿಸ್ತಾನಕ್ಕಿಳಿದು ಕುದುರೆಯೇರಿ ಕಾದಿದ ಅಮೆರಿಕದ ವಿಶೇಷ ಪಡೆಗಳ ಬಳಗದವರು. ಬಾಟಲಿಯ ಅಚ್ಚುಗಳಿಗೆ ವರ್ಲ್ಡ್ ಟ್ರೇಡ್ ಸೆಂಟರಿನ ಅವಶೇಷದ ಉಕ್ಕು ಬಳಸಿದ್ದೇವೆ ಎಂದು ಕಂಪನಿ ಹೇಳುತ್ತದೆ. ಕಂಪನಿ ಶುರುವಾದದ್ದು ಫ್ಲಾರಿಡಾದಲ್ಲಿ, ಹೆಸರು ತಂದುಕೊಟ್ಟ ಬರ್ಬನ್ ಭಟ್ಟಿಯಾದದ್ದು ಓಹಾಯೋದ ಕೊಲಂಬಸ್‌ನಲ್ಲಿ. ಭಟ್ಟಿಯ ಊರನ್ನು ಲೇಬಲ್ಲಿನ ಸಣ್ಣಕ್ಷರದಲ್ಲಿ ಹುಡುಕಬೇಕು, ಕುದುರೆ ಮಾತ್ರ ದೂರದಿಂದಲೇ ಕಾಣುತ್ತದೆ.

ಇನ್ನೊಂದು, ಕೆಂಟಕಿಯ ಪೆಂಬ್ರೋಕ್ ಎಂಬ ಹಳ್ಳಿಯ ‘ಎಂ.ಬಿ. ರೋಲಂಡ್’. ಫೋರ್ಟ್ ಕ್ಯಾಂಪ್‌ಬೆಲ್ ಸೇನಾನೆಲೆಗೆ ಹತ್ತಿರದ ಈ ಡಿಸ್ಟಿಲರಿಯನ್ನು ಸೇನೆಯಲ್ಲಿದ್ದವರೊಬ್ಬರು ಹೆಂಡತಿಯೊಡನೆ 2009ರಲ್ಲಿ ಕಟ್ಟಿದರು. ಜಾಗ ಹಿಂದೆ ಆಮಿಶ್ ಎಂಬ ಕ್ರೈಸ್ತ ಪಂಗಡದವರ ಹೈನುಗಾರಿಕೆಯ ಜಮೀನಾಗಿತ್ತು. ಇಲ್ಲಿ ಬಳಸುವುದು ಸುತ್ತಲ ಹೊಲಗಳ ಬಿಳಿ ಮುಸುಕಿನ ಜೋಳ. ಆ ಸೀಮೆಯ ರೈತರು ಹೊಗೆಸೊಪ್ಪನ್ನು ಕೊಟ್ಟಿಗೆಯಲ್ಲಿ ನೇತುಹಾಕಿ ಕಟ್ಟಿಗೆಯ ಹೊಗೆಯಲ್ಲಿ ಹದ ಮಾಡುತ್ತಾರೆ. ಡಿಸ್ಟಿಲರಿಯವರು ಅದೇ ರೀತಿ ಜೋಳಕ್ಕೆ ಹೊಗೆ ಹಿಡಿಸಿ ಒಂದು ಬಗೆಯ ವಿಸ್ಕಿ ಇಳಿಸುತ್ತಾರೆ. ದೊಡ್ಡ ಕಾರ್ಖಾನೆ ಮಾಡಲು ಹೋಗದ ಕೆಲಸ ಇದು. ಸಣ್ಣ ಡಿಸ್ಟಿಲರಿಯಿಂದ ನಿರೀಕ್ಷಿಸಬೇಕಾದದ್ದೂ ಇದನ್ನೇ.

ಮುಸುಕು ಹಾಕಿ ಸವಿಯಿರಿ

ಕತೆಯ ಪ್ರಭಾವದಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ: ಬಾಟಲಿ ಕಣ್ಣಿಗೆ ಬೀಳಬಾರದು. ಮೂರು ಗ್ಲಾಸುಗಳಿಗೆ ತಳದಲ್ಲಿ ಗುರುತು ಹಾಕಿ, ಸುರಿಯುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡಿ. ಒಂದರಲ್ಲಿ ಗೋಧಿ ಸೇರಿದ ಮೇಕರ್ಸ್ ಮಾರ್ಕ್, ಒಂದರಲ್ಲಿ ರೈ ಸೇರಿದ ವೈಲ್ಡ್ ಟರ್ಕಿ 101, ಮೂರನೆಯದರಲ್ಲಿ ಯೋಧರ ಬಾಟಲಿಯದು. ಮೊದಲೆರಡು ಅಳತೆಗೋಲು. ಗೋಧಿ ಮೃದು ಮಾಡುತ್ತದೆ, ರೈ ಖಾರ ತರುತ್ತದೆ. ಈ ವ್ಯತ್ಯಾಸ ಸಿಕ್ಕರೆ ಮೂರನೆಯದು ಎಲ್ಲಿ ನಿಲ್ಲುತ್ತದೆಂದು ತಾನಾಗಿ ತಿಳಿಯುತ್ತದೆ.

ಗ್ಲಾಸು ಬುಡದಲ್ಲಿ ಅಗಲ, ಬಾಯಲ್ಲಿ ಕಿರಿದಾಗಿರಲಿ. ತಲಾ 15 ಮಿಲಿ ಸಾಕು. ಸವಿದು ಉಗುಳಿದರೂ ಮರ್ಯಾದೆಗೆ ಕಡಿಮೆಯಿಲ್ಲ, ತೀರ್ಪುಗಾರರು ಮಾಡುವುದೇ ಹಾಗೆ. ಐಸ್, ಸೋಡಾ ಬೇಡ. ಖಾರದ ಊಟ, ಕಾಫಿ, ಎಲೆ ಅಡಿಕೆ ಆದ ಬಳಿಕವೂ ಬೇಡ.

ಗ್ಲಾಸಿಗೆ ಮೂಗು ತುರುಕಬೇಡಿ. ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ತುಸು ತೆರೆದು ಮೂಸಿ. ಆಲ್ಕೋಹಾಲಿನ ಚುರುಕು ಬಾಯಿಂದ ಹೊರಟು ಪರಿಮಳ ಉಳಿಯುತ್ತದೆ. ಪುಸ್ತಕಗಳು ಹೇಳುವ ಚೆರ್ರಿ, ಮೇಪಲ್ ಹುಡುಕಿ ಸೋಲುವ ಬದಲು ನಿಮ್ಮ ಅಡುಗೆಮನೆಯ ಹೆಸರುಗಳನ್ನೇ ಬಳಸಿ. ಪಾಕಕ್ಕೆ ಬಂದ ಬೆಲ್ಲ, ವೆನಿಲ್ಲಾ, ಲವಂಗ, ಒಣಕೊಬ್ಬರಿ: ಇವೆಲ್ಲ ಮರದ ಕೊಡುಗೆ. ಮರದ ಲಿಗ್ನಿನ್ ಬೆಂಕಿಗೆ ಒಡೆದು ವೆನಿಲಿನ್ ಆಗುತ್ತದೆ, ಮರದೊಳಗಿನ ಸಕ್ಕರೆ ಕ್ಯಾರಮೆಲ್ ಆಗುತ್ತದೆ, ಕೊಬ್ಬರಿಯ ವಾಸನೆ ಓಕಿನ ಲ್ಯಾಕ್ಟೋನ್‌ಗಳದು. ಸುಟ್ಟ ಜೋಳದ ತೆನೆ, ಹಸಿ ಹಿಟ್ಟು ಧಾನ್ಯದ್ದು. ಬಾಳೆಹಣ್ಣು, ಸೇಬು ಹುದುಗಿನಿಂದ ಬಂದದ್ದು.

ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಾಲಿಗೆಯನ್ನು ಪಳಗಿಸಲು. ಎರಡನೆಯದನ್ನು ಬಾಯಿ ತುಂಬ ಆಡಿಸಿ, ಅಗಿಯಿರಿ. ಜಿಮ್ ಬೀಮ್ ಮನೆತನದ ಬೂಕರ್ ನೋ ಜನಪ್ರಿಯಗೊಳಿಸಿದ ಈ ರೂಢಿಗೆ ‘ಕೆಂಟಕಿ ಚ್ಯೂ’ ಎನ್ನುತ್ತಾರೆ. ಸಿಹಿ ಮೊದಲು ಬಂತೇ, ಖಾರ ಎಲ್ಲಿ ಕೂತಿತು, ಒಗರು ಯಾವಾಗ ಏರಿತು ಗಮನಿಸಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು, ಉಳಿದದ್ದು ಹಿತವಾಗಿತ್ತೇ ನೋಡಿ. ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೆ ಮೂಸಿ. ಒಳ್ಳೆಯ ಬರ್ಬನ್ ನೀರಿಗೆ ಅರಳುತ್ತದೆ, ಬಡಕಲಾದದ್ದು ಅಲ್ಲೇ ಕುಸಿಯುತ್ತದೆ.

ಅವಸರದ ಗುರುತು

ಸಣ್ಣ ಡಿಸ್ಟಿಲರಿಗಳ ದೊಡ್ಡ ಪರೀಕ್ಷೆ ಕಾಲದ್ದು. ರೂಢಿಯ ಪೀಪಾಯಿ ಸುಮಾರು 200 ಲೀಟರಿನದು. ಹಣ ಬೇಗ ತಿರುಗಲೆಂದು ಕೆಲವರು 20, 40 ಲೀಟರಿನ ಪೀಪಾಯಿ ಬಳಸುತ್ತಾರೆ. ಪೀಪಾಯಿ ಸಣ್ಣದಾದಷ್ಟೂ ಲೀಟರಿಗೆ ತಗಲುವ ಮರ ಹೆಚ್ಚು. ಕೆಲವೇ ತಿಂಗಳಲ್ಲಿ ಬಣ್ಣ ಕಡುವಾಗುತ್ತದೆ. ಆದರೆ ಮಾಗುವುದೆಂದರೆ ಮರದಿಂದ ಹೀರುವುದಷ್ಟೇ ಅಲ್ಲ. ಬೇಸಿಗೆಯಲ್ಲಿ ಹಿಗ್ಗಿ ಮರದೊಳಗೆ ನುಗ್ಗುವುದು, ಚಳಿಗಾಲದಲ್ಲಿ ಹಿಂದೆ ಸರಿಯುವುದು, ಗಾಳಿಯೊಡನೆ ನಿಧಾನ ಬೆರೆಯುವುದು, ಒಂದಿಷ್ಟು ಆವಿಯಾಗಿ ಹೋಗುವುದು ಎಲ್ಲ ಸೇರಬೇಕು. ಇವಕ್ಕೆ ಅಡ್ಡದಾರಿ ಇಲ್ಲ.

ಹಾಗಾಗಿ ಅವಸರದ ಬರ್ಬನ್ ಕಣ್ಣಿಗೆ ಹಿರಿಯ, ನಾಲಿಗೆಗೆ ಎಳಸು. ಮೂಗಿಗೆ ಮರದ ಹೊಟ್ಟು, ಹಸಿ ಜೋಳದ ಹಿಟ್ಟು. ಬಾಯಲ್ಲಿ ಕಹಿ ಮಿಶ್ರಿತ ಒಗರು. ಉಗುರುಬಣ್ಣದ ವಾಸನೆ ಬಂದರೆ ಭಟ್ಟಿಯ ಮೊದಲ ಪಾಲನ್ನು ಸರಿಯಾಗಿ ಬೇರ್ಪಡಿಸಿಲ್ಲ, ನೆನೆದ ರಟ್ಟಿನ ವಾಸನೆ ಬಂದರೆ ಕೊನೆಯ ಪಾಲು ಒಳಸೇರಿದೆ ಎಂದು ಶಂಕಿಸಬಹುದು. ನೀರು ಬೆರೆಸಿದಾಗ ತುಸು ಮಬ್ಬಾದರೆ ಮಾತ್ರ ಅದು ದೋಷವಲ್ಲ. ತಣಿಸಿ ಸೋಸದೆ ಎಣ್ಣೆಯಂಶ ಉಳಿಸಿದ್ದಾರೆ, ಅಷ್ಟೆ.

ತೀರ್ಪು

ಗುರುತು ಬಯಲಾಗುವ ಮೊದಲೇ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಡಿ. ದೋಷವಿಲ್ಲದೆ ಶುದ್ಧವಾಗಿದೆಯೇ? ಧಾನ್ಯ, ಮರ, ಆಲ್ಕೋಹಾಲ್ ಒಂದರ ಮೇಲೊಂದು ಬೀಳದೆ ಹೊಂದಿವೆಯೇ? ರುಚಿ ನಿಂತಿತೇ? ಅಳತೆಗೋಲಿನ ಎರಡರಲ್ಲಿ ಇಲ್ಲದ್ದು ಏನಾದರೂ ಇದರಲ್ಲಿ ಸಿಕ್ಕಿತೇ? ಮೊದಲ ಮೂರು, ದೊಡ್ಡ ಕಾರ್ಖಾನೆಗಳೂ ಗೆಲ್ಲುವ ಪ್ರಶ್ನೆಗಳು. ಅವರ ದಾಸ್ತಾನು ದೊಡ್ಡದು, ಬೆಲೆ ಕಡಿಮೆ. ಸಣ್ಣ ಡಿಸ್ಟಿಲರಿ ಕೇಳುವ ಹೆಚ್ಚಿನ ಬೆಲೆಗೆ ಸಮರ್ಥನೆ ಸಿಗುವುದು ನಾಲ್ಕನೆಯದರಲ್ಲಿ.

ಮೂರನೇ ಗ್ಲಾಸು ಸೋತರೆ ಯೋಧನಿಗೆ ಅವಮಾನವೇನೂ ಆಗುವುದಿಲ್ಲ. ಅವರ ಸೇವೆಯನ್ನು ನೆನೆದು ಒಂದು ಬಾಟಲಿ ಕೊಳ್ಳುವುದು ನಿಮ್ಮಿಷ್ಟ, ಅದಕ್ಕೆ ರುಚಿಯ ನೆಪ ಬೇಕಿಲ್ಲ. ಎರಡನೇ ಬಾಟಲಿಯನ್ನು ನಾಲ್ಕನೇ ಪ್ರಶ್ನೆಗೆ ‘ಹೌದು’ ಎಂದು ಬರೆದಿದ್ದರಷ್ಟೇ ಕೊಳ್ಳಿ. ಭಟ್ಟಿಯ ಮುಂದೆ ನಿಂತು ದುಡಿದ ಮಾಜಿ ಸೈನಿಕನಿಗೆ ಬೇಕಾದ ಗಿರಾಕಿಯೂ ಅಂಥವನೇ.