ವಾಯುಗುಣದ ಪ್ರತಿಜ್ಞಾಪತ್ರಗಳಲ್ಲಿ ಕರ್ತೃ ಮತ್ತು ಕ್ರಿಯೆ

ಒಡಂಬಡಿಕೆಗಳೂ ಕಂಪನಿಗಳ ವಾರ್ಷಿಕ ವರದಿಗಳೂ ಸಾಹಿತ್ಯವಿಮರ್ಶೆಗೆ ತಕ್ಕ ವಸ್ತುಗಳೇ ಎಂದು ವಾಚಕರಲ್ಲಿ ಕೆಲವರು ಸಂದೇಹಪಡಬಹುದು. ನಮ್ಮ ಹಿಂದಿನ ವಿದ್ವಾಂಸರು ದಾನಶಾಸನಗಳನ್ನು ಕಾವ್ಯಗಳಷ್ಟೇ ಶ್ರದ್ಧೆಯಿಂದ ಓದಿ, ಒಂದೊಂದು ವಿಭಕ್ತಿಪ್ರತ್ಯಯಕ್ಕಾಗಿ ವಾದ ಹೂಡಿದವರು. ಭೂಮಿಯ ತಾಪ ಏರುತ್ತಿರುವುದನ್ನು ತಡೆಯುವೆವೆಂದು ರಾಷ್ಟ್ರಗಳೂ ವ್ಯಾಪಾರಸಂಸ್ಥೆಗಳೂ ಈಚೆಗೆ ಬರೆದುಕೊಟ್ಟಿರುವ ಪತ್ರಗಳು ಕೋಟ್ಯಂತರ ಜನರ ಬಾಳಿಗೆ ಸಂಬಂಧಿಸಿದವು. ಅವುಗಳನ್ನು ಅಂಥ ಶ್ರದ್ಧೆಯಿಂದ ಓದುವವರು ಮಾತ್ರ ವಿರಳ. ಅವುಗಳಲ್ಲಿರುವ ಅಂಕಿಗಳನ್ನು ಪರೀಕ್ಷಿಸುವ ಪಂಡಿತರು ಬೇಕಾದಷ್ಟು ಮಂದಿ ಇದ್ದಾರೆ. ವಾಕ್ಯಗಳನ್ನು ಪರೀಕ್ಷಿಸುವ ಕೆಲಸ ನಮ್ಮಂಥವರಿಗೆ ಸೇರಿದ್ದು.

೨೦೧೫ನೆಯ ಡಿಸೆಂಬರ್ ೧೨ರಂದು ಪ್ಯಾರಿಸ್ ನಗರದಲ್ಲಿ ಅಂಗೀಕೃತವಾದ ಒಪ್ಪಂದದಿಂದ ಮೊದಲುಮಾಡೋಣ. ಅದರ ನಾಲ್ಕನೆಯ ವಿಧಿಯ ನಾಲ್ಕನೆಯ ಖಂಡವು, ಮುಂದುವರಿದ ದೇಶಗಳು ತಾವು ಹೊರಬಿಡುವ ಹಸುರುಮನೆ ಅನಿಲಗಳ ಒಟ್ಟು ಮೊತ್ತವನ್ನೇ ಇಳಿಸುವ ಗುರಿಯನ್ನು ಕೈಕೊಂಡು ಮುಂದಾಳುಗಳಾಗಿ ನಡೆಯುವುದನ್ನು ಕುರಿತದ್ದು. ಕೊನೆಯ ಕರಡಿನಲ್ಲಿ ಈ ದೇಶಗಳ ಪಾಲಿಗೆ ‘ಶ್ಯಾಲ್’ ಎಂಬ ಸಹಾಯಕ್ರಿಯೆಯೂ, ಮುಂದುವರಿಯುತ್ತಿರುವ ದೇಶಗಳ ಪಾಲಿಗೆ ‘ಶುಡ್’ ಎಂಬುದೂ ಇದ್ದುವು. ಅಮೆರಿಕದ ಪ್ರತಿನಿಧಿಗಳು ಒಪ್ಪಲಿಲ್ಲ. ಮೊದಲನೆಯ ಪದ ನಿಂತರೆ ಒಪ್ಪಂದವನ್ನು ತಮ್ಮ ಸೆನೆಟ್ ಸಭೆಯ ಮುಂದೆ ಒಯ್ಯಬೇಕಾದೀತೆಂಬ ಭಯ ಅವರದು. ಕಡೆಯ ಸಭೆ ತಡವಾಯಿತು. ಬಳಿಕ ಸಚಿವಾಲಯದವರು ಸಣ್ಣಪುಟ್ಟ ತಿದ್ದುಪಡಿಗಳನ್ನು ಓದುತ್ತಿರುವಾಗ, ಅವುಗಳ ನಡುವೆಯೇ, ‘ಶ್ಯಾಲ್’ ಹೋಗಿ ‘ಶುಡ್’ ಬಂದಿತು. ಓಲೆಗರಿಗಳ ಪಾಠಾಂತರಗಳಲ್ಲಿ ಪಳಗಿದವರಿಗೆ ಲಿಪಿಕಾರನ ಕೈತಪ್ಪಿಗೂ ಬುದ್ಧಿಪೂರ್ವಕವಾದ ತಿದ್ದುವಿಕೆಗೂ ಇರುವ ಭೇದವನ್ನು ಹೇಳಿಕೊಡಬೇಕಾಗಿಲ್ಲ.

ಈ ಭೇದ ಕನ್ನಡಕ್ಕೆ ಬರುವಾಗ ಅಳಿಸಿಹೋಗುತ್ತದೆಂಬುದು ನಮಗೆ ಇನ್ನೂ ಮುಖ್ಯವಾದ ಸಂಗತಿ. ನಮ್ಮ ಕಾನೂನಿನ ಭಾಷೆಯಲ್ಲಿ ಮೊದಲನೆಯದಕ್ಕೆ ‘ತಕ್ಕದ್ದು’ ಎಂಬ ರೂಪ ನೆಲೆಗೊಂಡಿದೆ. ಆದರೆ ಸಾಮಾನ್ಯ ಬರೆವಣಿಗೆಯಲ್ಲಿ ಎರಡಕ್ಕೂ ‘ಬೇಕು’ ಎಂದೇ ಬಳಸುತ್ತೇವೆ. ಸಾಲ ತೀರಿಸಬೇಕು, ಹಿರಿಯರನ್ನು ಗೌರವಿಸಬೇಕು, ಒಮ್ಮೆ ಹಂಪೆಗೆ ಹೋಗಬೇಕು: ಮೂರರಲ್ಲಿಯೂ ಪದ ಒಂದೇ, ಕಟ್ಟುಪಾಡು ಒಂದೇ ಅಲ್ಲ. ಮುಂದುವರಿದ ದೇಶಗಳು ಹೊಗೆಯನ್ನು ಇಳಿಸ‘ಬೇಕು’ ಎಂದು ಓದಿದ ಕನ್ನಡಿಗನು ಅದನ್ನು ಸಾಲದ ಮಾತೆಂದು ತಿಳಿಯುತ್ತಾನೆ. ಬರೆದವರು ಉದ್ದೇಶಿಸಿದ್ದು ಹಂಪೆಯ ಯಾತ್ರೆಗೆ ಹತ್ತಿರವಾದದ್ದು. ‘ಇಳಿಸುವುದು ಉಚಿತ’ ಎಂದು ಅನುವಾದಿಸಿದ್ದರೆ ಮೋಸವಾಗುತ್ತಿರಲಿಲ್ಲ. (ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದು ಬರೆಯುತ್ತವೆ. ದಿನದಿನವೂ ಬದಲಾಗುವುದೇ ಹವೆಯ ಸ್ವಭಾವವಾದುದರಿಂದ ಪಾಠಪುಸ್ತಕಗಳ ‘ವಾಯುಗುಣ’ವನ್ನೇ ನಾವು ಇಟ್ಟುಕೊಂಡಿದ್ದೇವೆ.)

೨೦೨೧ನೆಯ ನವೆಂಬರ್ ೧೩ರಂದು, ಗ್ಲಾಸ್ಗೋ ಸಭೆ ಮುಗಿಯುವ ಹೊತ್ತಿಗೆ, ಭಾರತದ ಪರಿಸರಮಂತ್ರಿ ಭೂಪೇಂದರ್ ಯಾದವರು ಕಲ್ಲಿದ್ದಲಿನ ವಿದ್ಯುತ್ತನ್ನು ‘ತೊಡೆದುಹಾಕುವ’ ಎಂದಿದ್ದಲ್ಲಿ ‘ತಗ್ಗಿಸುವ’ ಎಂಬ ಪಾಠವನ್ನು ಸೂಚಿಸಿದರು. ಅಧ್ಯಕ್ಷರಾದ ಅಲೋಕ್ ಶರ್ಮರು ಕ್ಷಮೆ ಬೇಡುತ್ತ ಗದ್ಗದಿತರಾದರು. ಪತ್ರಿಕೆಗಳು ಭಾರತವನ್ನು ಹಳಿದುವು. ಇದೇ ‘ತಗ್ಗಿಸುವ’ ಎಂಬ ಮಾತು ಮೂರು ದಿನಗಳ ಹಿಂದೆ ಅಮೆರಿಕ-ಚೀನಗಳ ಜಂಟಿ ಹೇಳಿಕೆಯಲ್ಲಿ ಬಂದಿತ್ತು. ತಿದ್ದುಪಡಿಯಿಂದ ವಾಕ್ಯ ದುರ್ಬಲವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾಕ್ಯವನ್ನು ಅನ್ವಯಿಸಿ ನೋಡಿರಿ. ಪ್ರಧಾನಕ್ರಿಯೆ ‘ಕರೆಕೊಡುತ್ತದೆ’ ಎಂಬುದು. ಕರೆ, ತಂತ್ರಗಳನ್ನೂ ನೀತಿಗಳನ್ನೂ ಬೇಗ ಬಳಕೆಗೆ ತರುವುದಕ್ಕೆ. ಅದರ ಒಳಗೆ ಅಡಗಿದ್ದು ‘ಪ್ರಯತ್ನಗಳನ್ನು ತ್ವರೆಗೊಳಿಸುವುದು’. ಆ ಪ್ರಯತ್ನಗಳು ಯಾವುದರ ಕಡೆಗೆ ಎಂದರೆ, ಈ ‘ತಗ್ಗಿಸುವಿಕೆ’ಯ ಕಡೆಗೆ. ಅಲ್ಲಿಯೂ ಎಲ್ಲ ಕಲ್ಲಿದ್ದಲಲ್ಲ, ಹೊಗೆಯ ಇಂಗಾಲವನ್ನು ಹಿಡಿದಿಡದೆ ಸುಡುವ ಕಲ್ಲಿದ್ದಲು ಮಾತ್ರ. ಜಗತ್ತೆಲ್ಲ ಜಗಳವಾಡಿದ ಪದವು ಪ್ರಧಾನಕ್ರಿಯೆಯಿಂದ ಅಷ್ಟು ಮೆಟ್ಟಿಲು ಕೆಳಗಿದ್ದಿತು. ಕರ್ಮಪದದ ವಿಚಾರವನ್ನಂತೂ ಹೆಚ್ಚು ಜನ ಗಮನಿಸಲಿಲ್ಲ. ಕಲ್ಲಿದ್ದಲು ಭಾರತ ಮತ್ತು ಚೀನಗಳ ಮುಖ್ಯ ಇಂಧನ. ಸಿರಿವಂತ ದೇಶಗಳು ಹೆಚ್ಚಾಗಿ ಉರಿಸುವ ತೈಲವೂ ಅನಿಲವೂ ಆ ತಗ್ಗಿಸುವಿಕೆಗೆ ಕರ್ಮವಾಗಲೇ ಇಲ್ಲ. ಅವೆಲ್ಲವನ್ನೂ ಒಳಗೊಳ್ಳುವ ಮಾತು ಬರುವುದಕ್ಕೆ ೨೦೨೩ರ ಡಿಸೆಂಬರಿನ ದುಬೈ ಸಭೆಯವರೆಗೆ ಕಾಯಬೇಕಾಯಿತು, ಆಗ ಕ್ರಿಯೆ ‘ಬಿಟ್ಟು ಸರಿಯುವುದು’ ಎಂದು ಇನ್ನಷ್ಟು ಮೃದುವಾಯಿತು. ಕ್ರಿಯಾಪದದ ದೋಷವನ್ನು ಭಾರತದ ತಲೆಗೆ ಕಟ್ಟಿದವರು ಕರ್ಮಪದದ ದೋಷಕ್ಕೆ ಯಾರನ್ನು ಹೊಣೆಮಾಡಿದರು?

ವ್ಯಾಪಾರಸಂಸ್ಥೆಗಳ ಗದ್ಯಕ್ಕೆ ಬರೋಣ. ೨೦೨೨-೨೩ನೆಯ ಆರ್ಥಿಕ ವರ್ಷದಿಂದ, ಷೇರುಪೇಟೆಯ ಮೌಲ್ಯದಲ್ಲಿ ಮೊದಲ ೧೦೦೦ ಸ್ಥಾನಗಳಲ್ಲಿರುವ ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಸಲ್ಲಿಸತಕ್ಕದ್ದೆಂದು ಪೇಟೆಯ ನಿಯಂತ್ರಣಮಂಡಳಿಯಾದ ಸೆಬಿಯು ವಿಧಿಸಿತು. ಬರಿಯ ಹೊಗಳಿಕೆಯಿದ್ದ ಪುಟಗಳಲ್ಲಿ ಅಂಕಿಗಳ ಅಂಕಣಗಳು ಕಾಣಿಸಿದುದು ನಿಜವಾಗಿಯೂ ಲಾಭ. ಆದರೆ ಪ್ರಶ್ನೆಗಳಲ್ಲಿ ಎರಡು ವರ್ಗ: ‘ಆವಶ್ಯಕ’ವಾದವು, ‘ನಾಯಕತ್ವ’ದವು. ಕಂಪನಿಯ ಸ್ವಂತ ಕುಲುಮೆಯ ಹೊಗೆಯೂ ಕೊಂಡ ವಿದ್ಯುತ್ತಿನ ಹೊಗೆಯೂ ಮೊದಲನೆಯದರಲ್ಲಿ; ಸರಕು ಒದಗಿಸುವವರ ಮತ್ತು ಸರಕನ್ನು ಬಳಸುವವರ ಹೊಗೆ ಎರಡನೆಯದರಲ್ಲಿ, ಅಂದರೆ ಹೇಳಿದರೂ ಸರಿ, ಬಿಟ್ಟರೂ ಸರಿ. ಎಣ್ಣೆ ಮಾರುವವನಿಗೆ ತಾನು ಮಾರಿದ ಎಣ್ಣೆ ಉರಿದ ಹೊಗೆಯನ್ನು ಲೆಕ್ಕಕ್ಕೆ ತರುವುದು ಕೇವಲ ಔದಾರ್ಯವಾಗುತ್ತದೆ! ಇನ್ನು ೨೦೨೫ರ ಮಾರ್ಚಿನಲ್ಲಿ, ಹೊರಗಿನವರ ‘ಖಾತರಿ’ ಬೇಕೆಂದಿದ್ದಲ್ಲಿ ‘ಮೌಲ್ಯಮಾಪನ ಅಥವಾ ಖಾತರಿ’ ಎಂದು ತಿದ್ದಲಾಯಿತು. ಒಂದು ‘ಅಥವಾ’ ಎಷ್ಟು ಬಾಗಿಲುಗಳನ್ನು ತೆರೆಯಬಲ್ಲುದೆಂಬುದನ್ನು ತರ್ಕದ ಉಪಾಧ್ಯಾಯರು ಬಲ್ಲರು.

ಇದಕ್ಕಿಂತ ಸೂಕ್ಷ್ಮವಾದದ್ದು ‘ತೀವ್ರತೆ’ ಎಂಬ ಮಾತು. ಸರ್ಕಾರದ ಗುರಿಯೂ ಇದೇ ಭಾಷೆಯಲ್ಲಿದೆ: ೨೦೦೫ಕ್ಕೆ ಹೋಲಿಸಿದರೆ ೨೦೩೦ರ ಹೊತ್ತಿಗೆ ರಾಷ್ಟ್ರೋತ್ಪನ್ನದ ಪ್ರತಿ ರೂಪಾಯಿಗೆ ಬೀಳುವ ಹೊಗೆಯನ್ನು ನೂರಕ್ಕೆ ೪೫ರಷ್ಟು ಇಳಿಸುವುದು. ಇನ್ನೂ ಬೆಳೆಯಬೇಕಾದ ಬಡದೇಶಕ್ಕೆ ಇದು ನ್ಯಾಯವಾದ ಅಳತೆಯೆಂದೇ ನಮ್ಮ ಮತ. ಒಂದು ಕಂಪನಿ ಇದೇ ಅಳತೆಯನ್ನು ಎತ್ತಿಕೊಂಡಾಗ ಎಚ್ಚರ ಬೇಕು. ಒಂದು ಟನ್ ಸಿಮೆಂಟಿಗೆ ಹೊಗೆ ನೂರರಿಂದ ಎಂಬತ್ತಕ್ಕೆ ಇಳಿದು, ಸಿಮೆಂಟಿನ ಉತ್ಪತ್ತಿ ಒಂದೂವರೆ ಪಟ್ಟಾದರೆ, ಒಟ್ಟು ಹೊಗೆ ನೂರಿಪ್ಪತ್ತಾಗುತ್ತದೆ. ‘ನಾವು ಇಪ್ಪತ್ತು ಇಳಿಸಿದೆವು’ ಎಂಬ ವಾಕ್ಯ ಸುಳ್ಳಲ್ಲ. ಆಕಾಶಕ್ಕೆ ಇಪ್ಪತ್ತು ಹೆಚ್ಚಾಗಿ ಸೇರಿತೆಂಬುದೂ ಸುಳ್ಳಲ್ಲ.

ನಮ್ಮ ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ನೆಲದ ಎಲ್ಲೆ, ಸಾಕ್ಷಿಗಳು, ತಪ್ಪಿದವನಿಗೆ ತಟ್ಟುವ ಪಾಪ ಇವು ಕಾಣುವುದು ವಾಡಿಕೆ. ‘ನಿವ್ವಳ ಶೂನ್ಯ’ವನ್ನು ೨೦೫೦ಕ್ಕೆ ಸಾಧಿಸಲಾಗುವುದೆಂಬ ಕರ್ಮಣಿಪ್ರಯೋಗದಲ್ಲಿ ಇಂಥದೊಂದೂ ಇಲ್ಲ. ಹಾಗೆಂದು ಎಲ್ಲೆ ಬರೆದ ಪತ್ರವೆಲ್ಲ ಪೂರ್ಣವೆಂದೂ ಹೇಳಲಾಗದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಯ ಮೇಲೆ ೨,೦೫೦ ಮೆಗಾವಾಟಿನ ಸೂರ್ಯವಿದ್ಯುತ್ತಿನ ಕ್ಷೇತ್ರ ಎದ್ದಿದೆ. ನೆಲವನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, ರೈತರಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲುಮಾಡಿ ಕೊಡುವ ಏರ್ಪಾಡು ಆಯಿತು. ಅಲ್ಲಿ ಕರ್ತೃವೂ ಕ್ರಿಯೆಯೂ ಮೊತ್ತವೂ ಸ್ಪಷ್ಟ. ಗ್ಲಾಸ್ಗೋದವರು ಕಲಿಯಬಹುದಾದಷ್ಟು ಸ್ಪಷ್ಟ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ, ನೆಲವಿಲ್ಲದ ಜನ ಆ ಗುತ್ತಿಗೆಗೆ ಪಕ್ಷಗಾರರಲ್ಲ. ಹೊಲದ ಕೆಲಸ ನಿಂತಿತು. ಗುತ್ತಿಗೆಯ ಹಣ ಅವರಿಗೆ ಸಲ್ಲುವುದಿಲ್ಲ.