ಅಬ್ರಹಾಮ ಯಾಕೆ ಸುಮ್ಮನಿದ್ದ?

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಅಬ್ರಹಾಮ ಎರಡು ಕಡೆ ಎರಡು ಬೇರೆ ಮನುಷ್ಯರಂತೆ ಕಾಣುತ್ತಾನೆ. 18ನೆಯ ಅಧ್ಯಾಯದಲ್ಲಿ ಸೊದೋಮ್ ಪಟ್ಟಣವನ್ನು ನಾಶಮಾಡಲು ಹೊರಟ ದೇವರ ಜೊತೆ ಅವನು ಚೌಕಾಸಿಗೆ ಇಳಿಯುತ್ತಾನೆ. ಊರಲ್ಲಿ 50 ಜನ ಒಳ್ಳೆಯವರಿದ್ದರೆ? 45 ಇದ್ದರೆ? ಹೀಗೆ 40, 30, 20, ಕೊನೆಗೆ 10ಕ್ಕೆ ಬಂದು ನಿಲ್ಲುತ್ತಾನೆ. ಒಳ್ಳೆಯವರನ್ನೂ ಕೆಟ್ಟವರನ್ನೂ ಒಂದೇ ಏಟಿಗೆ ಕೊಲ್ಲುವುದು ಯಾವ ನ್ಯಾಯ ಎಂದು ದೇವರನ್ನೇ ಕೇಳುತ್ತಾನೆ. ಸೋದರನ ಮಗ ಲೋಟನ ಸಂಸಾರವನ್ನು ಬಿಟ್ಟರೆ ಆ ಊರಿನವರು ಅವನಿಗೆ ಏನೂ ಆಗಬೇಕಾದವರಲ್ಲ.

22ನೆಯ ಅಧ್ಯಾಯದಲ್ಲಿ ಅದೇ ದೇವರು ಮಗ ಇಸಾಕನನ್ನು ಮೊರೀಯ ಸೀಮೆಗೆ ಕರೆದುಕೊಂಡು ಹೋಗಿ ಬೆಟ್ಟದ ಮೇಲೆ ಸರ್ವಾಂಗಹೋಮವಾಗಿ ಅರ್ಪಿಸು ಎನ್ನುತ್ತಾನೆ. ಅಪ್ಪನಿಗೆ ನೂರು ವರ್ಷವಾಗಿದ್ದಾಗ ಹುಟ್ಟಿದ ಮಗ. ಇನ್ನೊಬ್ಬ ಮಗ ಇಷ್ಮಾಯೇಲನನ್ನು ಅವನ ತಾಯಿ ಹಾಗರಳ ಜೊತೆ ಮರಳುಗಾಡಿಗೆ ಕಳಿಸಿದ್ದು ಹಿಂದಿನ ಅಧ್ಯಾಯದಲ್ಲಷ್ಟೇ. ಈಗ ಅಬ್ರಹಾಮ ಒಂದು ಮಾತನ್ನೂ ಎದುರಾಡುವುದಿಲ್ಲ. ಬೆಳಗ್ಗೆ ಬೇಗನೆ ಎದ್ದು ಕತ್ತೆಗೆ ತಡಿ ಹಾಕುತ್ತಾನೆ, ಸೌದೆ ಒಡೆದುಕೊಳ್ಳುತ್ತಾನೆ, ಹೊರಡುತ್ತಾನೆ.

ಬೈಬಲಿನ ದೇವರು ಒಳ್ಳೆಯವನೇ ಎಂಬ ವಾದ ಎಲ್ಲೇ ನಡೆದರೂ ಸ್ವಲ್ಪ ಹೊತ್ತಿಗೆ ಈ ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತದೆ. ರಿಚರ್ಡ್ ಡಾಕಿನ್ಸ್ 2006ರಲ್ಲಿ ಬರೆದ 'ದಿ ಗಾಡ್ ಡೆಲ್ಯೂಷನ್' ಪುಸ್ತಕದಲ್ಲಿ ಇದನ್ನು ಮಕ್ಕಳ ಮೇಲಿನ ದೌರ್ಜನ್ಯ ಎಂದೇ ಕರೆಯುತ್ತಾರೆ. ಮೇಲಿನವರ ಆಜ್ಞೆ ಪಾಲಿಸಿದೆನಷ್ಟೇ ಎಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ನಾಜಿ ಅಧಿಕಾರಿಗಳು ಹೇಳಿದ ಸಬೂಬಿಗೆ ಇದೇ ಮೊದಲ ದಾಖಲೆ ಎನ್ನುವುದು ಅವರ ಚುಚ್ಚುಮಾತು. ಇಂಥ ಟೀಕೆಗಳಿಗೆ ಉತ್ತರವಾಗಿ ಪಾಲ್ ಕೋಪನ್ 2011ರಲ್ಲಿ 'ಈಸ್ ಗಾಡ್ ಎ ಮಾರಲ್ ಮಾನ್‌ಸ್ಟರ್?' ಎಂಬ ಪುಸ್ತಕವನ್ನೇ ತಂದರು. ನಂಬುವವರ ವಾದವೂ ಹಗುರವಾದದ್ದಲ್ಲ. ಇಸಾಕನ ಮೂಲಕವೇ ನಿನ್ನ ಸಂತಾನ ಬೆಳೆಯುತ್ತದೆ ಎಂದು ದೇವರು ಮೊದಲೇ ಮಾತು ಕೊಟ್ಟಿದ್ದಾನೆ. ಬೆಟ್ಟದ ಕೆಳಗೆ ಆಳುಗಳನ್ನು ನಿಲ್ಲಿಸುವಾಗ ಅಬ್ರಹಾಮ ತಾವಿಬ್ಬರೂ ಹಿಂತಿರುಗಿ ಬರುತ್ತೇವೆಂದು ಹೇಳುತ್ತಾನೆ. ಹೀಬ್ರೂ ಮೂಲದಲ್ಲಿ ದೇವರ ಆಜ್ಞೆಯ ಜೊತೆ 'ನಾ' ಎಂಬ ಪುಟ್ಟ ಶಬ್ದವಿದೆ. ಅದು ಆಜ್ಞೆಯನ್ನು ಬಿನ್ನಹದ ಕಡೆಗೆ ತಿರುಗಿಸುವ ಶಬ್ದ. ಹಾಗಾಗಿ ಇದು ಕುರುಡು ವಿಧೇಯತೆಯಲ್ಲ, ಹಳೆಯ ನಂಟಿನಿಂದ ಬಂದ ಭರವಸೆ ಎನ್ನುತ್ತಾರೆ.

ಎರಡೂ ಕಡೆಯವರನ್ನು ಓದಿದ ಮೇಲೆ ನನಗೆ ಉಳಿದ ತಕರಾರು ಒಂದೇ. ಇಬ್ಬರಿಗೂ ಕಥೆ ಬೇಗ ಮುಗಿದುಬಿಡುತ್ತದೆ. ಒಬ್ಬರಿಗೆ ಅದು ಆರೋಪಪಟ್ಟಿ, ಇನ್ನೊಬ್ಬರಿಗೆ ಜಾಮೀನು ಅರ್ಜಿ. ಕಥೆ ಹೇಗೆ ಹೇಳಲ್ಪಟ್ಟಿದೆ ಎಂದು ನೋಡುವ ವ್ಯವಧಾನ ಕಡಿಮೆ.

ಆ ವ್ಯವಧಾನ ತೋರಿದವರು ಎರಿಕ್ ಆವರ್‌ಬಾಕ್. ಯಹೂದಿ ಎಂಬ ಕಾರಣಕ್ಕೆ ಜರ್ಮನಿಯ ಮಾರ್‌ಬುರ್ಗ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು ಇಸ್ತಾನ್‌ಬುಲ್ ಸೇರಿ, ಯುದ್ಧದ ವರ್ಷಗಳಲ್ಲಿ ಅಲ್ಲೇ ಕುಳಿತು ಅವರು ಬರೆದ 'ಮಿಮೆಸಿಸ್' 1946ರಲ್ಲಿ ಪ್ರಕಟವಾಯಿತು. ಅದರ ಮೊದಲ ಅಧ್ಯಾಯದಲ್ಲಿ ಹೋಮರನನ್ನೂ ಈ ಕಥೆಯನ್ನೂ ಅಕ್ಕಪಕ್ಕ ಇಡುತ್ತಾರೆ. ಹೋಮರ ಎಲ್ಲವನ್ನೂ ಬೆಳಕಿಗೆ ತಂದು ತೋರಿಸುತ್ತಾನೆ. ಆದಿಕಾಂಡದ ನಿರೂಪಕ ಬಹುಪಾಲನ್ನು ಕತ್ತಲಲ್ಲೇ ಬಿಡುತ್ತಾನೆ. ಮೂರು ದಿನದ ದಾರಿಯಲ್ಲಿ ಏನು ಮಾತಾಯಿತು ಗೊತ್ತಿಲ್ಲ. ಸಾರಾಳಿಗೆ ತಿಳಿಸಿದನೇ ಗೊತ್ತಿಲ್ಲ. ಇಸಾಕನಿಗೆ ಎಷ್ಟು ವಯಸ್ಸು, ಅದೂ ಗೊತ್ತಿಲ್ಲ. ಆದರೆ ಸೌದೆ ಹೊತ್ತವನು ಮಗ, ಬೆಂಕಿ ಮತ್ತು ಕತ್ತಿ ಹಿಡಿದವನು ಅಪ್ಪ ಎನ್ನುವುದನ್ನು ಮಾತ್ರ ನಿರೂಪಕ ಮರೆಯದೆ ಹೇಳುತ್ತಾನೆ. ದಾರಿಯಲ್ಲಿ ಇಸಾಕ ಕೇಳುವುದು ಒಂದೇ ಪ್ರಶ್ನೆ: ಬೆಂಕಿಯಿದೆ, ಸೌದೆಯಿದೆ, ಕುರಿಮರಿ ಎಲ್ಲಿ? ದೇವರೇ ಒದಗಿಸಿಕೊಳ್ಳುತ್ತಾನೆ ಎಂಬ ಅರ್ಥದ ಉತ್ತರ ಬರುತ್ತದೆ. ಆಮೇಲೆ ಹುಡುಗನ ಮಾತಿಲ್ಲ. ಕಟ್ಟುವಾಗಲೂ ಇಲ್ಲ, ಬಿಚ್ಚುವಾಗಲೂ ಇಲ್ಲ. ದೂತ ತಡೆದು, ಪೊದೆಯಲ್ಲಿ ಸಿಕ್ಕ ಟಗರು ಬಲಿಯಾದ ಮೇಲೆ ಅಬ್ರಹಾಮ ಆಳುಗಳ ಬಳಿಗೆ ಹಿಂತಿರುಗಿದ ಎಂದಿದೆ. ಇಸಾಕನ ಹೆಸರು ಆ ಸಾಲಿನಲ್ಲಿಲ್ಲ. ಮುಂದಿನ ಅಧ್ಯಾಯ ತೆರೆಯುವುದು ಸಾರಾಳ ಸಾವಿನಿಂದ.

ಈ ಮೌನವನ್ನು ತುಂಬಲು ನಂಬುವವರು ಶತಮಾನಗಳಿಂದ ಏನೇನು ಮಾಡಿದ್ದಾರೆ ಎಂದು ನೋಡಿದರೆ ವಾದದ ನಿಜವಾದ ಗಂಟು ಕಾಣುತ್ತದೆ. ಸಾರಾ 90ರಲ್ಲಿ ಹೆತ್ತಳು, 127ರಲ್ಲಿ ತೀರಿಕೊಂಡಳು ಎಂಬ ಲೆಕ್ಕದಿಂದ ರಬ್ಬಿಗಳು ಇಸಾಕನಿಗೆ 37 ವರ್ಷ ಎಂದರು. ಅಂದರೆ ಅವನು ಮಗುವಲ್ಲ, ತಿಳಿದೂ ಒಪ್ಪಿದವನು. ಕುರ್‌ಆನಿನ 37ನೆಯ ಅಧ್ಯಾಯದಲ್ಲಿ ತಂದೆ ಕನಸನ್ನು ಮಗನಿಗೆ ಹೇಳಿ ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾನೆ, ಮಗ ಒಪ್ಪುತ್ತಾನೆ. ಬಕ್ರೀದ್ ನೆನೆಯುವುದು ಈ ಒಪ್ಪಿಗೆಯ ಕಥೆಯನ್ನು. ಸೌದೆ ಹೊತ್ತ ಇಸಾಕನಲ್ಲಿ ಕ್ರೈಸ್ತರು ಶಿಲುಬೆ ಹೊತ್ತು ತಾನಾಗಿ ನಡೆದ ಯೇಸುವನ್ನು ಕಂಡರು. ಮೂರು ಧರ್ಮಗಳೂ ಬೇರೆ ಬೇರೆ ದಾರಿಯಲ್ಲಿ ಒಂದೇ ವಸ್ತುವನ್ನು ತಂದು ಕಥೆಗೆ ಸೇರಿಸಿವೆ. ಅದು ಹುಡುಗನ ಸಮ್ಮತಿ. ಮೂಲದಲ್ಲಿ ಅದಿಲ್ಲ ಎನ್ನುವುದು ಸಂದೇಹವಾದಿಗಳಿಗಿಂತ ಬಹಳ ಮೊದಲೇ ಭಕ್ತರನ್ನು ಕಾಡಿತ್ತು ಎಂದೇ ಇದರ ಅರ್ಥ.

ಇನ್ನೊಂದು ಸಮರ್ಥನೆ ಓದಿಕೊಂಡವರ ನಡುವೆ ಜನಪ್ರಿಯ: ಆ ಕಾಲದಲ್ಲಿ ನರಬಲಿಯಿತ್ತು, ಅದನ್ನು ನಿಲ್ಲಿಸಿ ಟಗರನ್ನು ತಂದ ಕಥೆಯಿದು ಎಂಬುದು. ಕೇಳಲು ಹಿತವಾಗಿದೆ. ಆದರೆ ಯಹೂದಿ ವಿದ್ವಾಂಸ ಜಾನ್ ಲೆವೆನ್ಸನ್ 1993ರ ತಮ್ಮ ಪುಸ್ತಕದಲ್ಲಿ ಇದನ್ನು ಒಪ್ಪುವುದಿಲ್ಲ. ನರಬಲಿ ತಪ್ಪು ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಮಗನನ್ನು ಕೊಡಲು ಹಿಂಜರಿಯಲಿಲ್ಲ ಎಂಬುದಕ್ಕಾಗಿಯೇ ಅಬ್ರಹಾಮನಿಗೆ ಆಶೀರ್ವಾದ ಸಿಗುತ್ತದೆ.

ಬೈಬಲಿನ ಒಳಗೇ ಈ ಬಗ್ಗೆ ಜಗಳವಿದೆ. ಚೊಚ್ಚಲು ಗಂಡುಮಕ್ಕಳನ್ನು ನನಗೆ ಕೊಡಿ ಎಂಬ ಮಾತು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿದೆ. ಅದೇ ಪುಸ್ತಕದ ಬೇರೆ ಕಡೆ ಅವರನ್ನು ಬಿಡಿಸಿಕೊಳ್ಳುವ ನಿಯಮವೂ ಇದೆ. ಮಕ್ಕಳನ್ನು ಸುಡಿರೆಂದು ತಾನು ಹೇಳಿಲ್ಲ, ಅಂಥದ್ದು ತನ್ನ ಮನಸ್ಸಿಗೂ ಬಂದಿಲ್ಲ ಎಂದು ಯೆರೆಮೀಯನ ದೇವರು ಹೇಳುತ್ತಾನೆ. ಯೆಹೆಜ್ಕೇಲನ ದೇವರು ಒಳ್ಳೆಯದಲ್ಲದ ಕಟ್ಟಳೆಗಳನ್ನು ತಾನೇ ಕೊಟ್ಟೆ ಎನ್ನುತ್ತಾನೆ. ಚೊಚ್ಚಲು ಮಗನನ್ನೇ ಕೊಡಬೇಕೇ ಎಂದು ಕೇಳುವವನಿಗೆ ಮೀಕ ಕೊಡುವ ಉತ್ತರ ನ್ಯಾಯ, ಕರುಣೆ, ವಿನಯ. ಬೈಬಲಿನ ದೇವರ ನೀತಿ ಹೀಗೆ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಡುವ ಡಾಕಿನ್ಸ್‌ಗೂ, ಒಂದೇ ಉಸಿರಿನಲ್ಲಿ ಬಿಡುಗಡೆ ಕೊಡುವ ಪ್ರವಚನಕಾರರಿಗೂ ಈ ಜಗಳ ಅನುಕೂಲವಲ್ಲ.

ದೂತ ಬಾರದ ಕಥೆಯೂ ಇದೆ. ನ್ಯಾಯಸ್ಥಾಪಕರು ಪುಸ್ತಕದ 11ನೆಯ ಅಧ್ಯಾಯದಲ್ಲಿ ಯೆಪ್ತಾಹ ಯುದ್ಧ ಗೆದ್ದರೆ ಮನೆಬಾಗಿಲಿನಿಂದ ನನ್ನೆದುರಿಗೆ ಬಂದದ್ದನ್ನು ಬಲಿ ಕೊಡುತ್ತೇನೆಂದು ಹರಕೆ ಹೊರುತ್ತಾನೆ. ಗೆದ್ದು ಬರುತ್ತಾನೆ. ಎದುರಿಗೆ ಬರುವವಳು ದಮ್ಮಡಿ ಬಡಿಯುತ್ತ ಕುಣಿಯುವ ಒಬ್ಬಳೇ ಮಗಳು. ಅವಳು ಗೆಳತಿಯರ ಜೊತೆ ಬೆಟ್ಟಗಳಲ್ಲಿ ಅತ್ತು ಬರಲು ಎರಡು ತಿಂಗಳ ಗಡುವು ಕೇಳುತ್ತಾಳೆ, ಹಿಂತಿರುಗುತ್ತಾಳೆ, ಹರಕೆ ಸಲ್ಲುತ್ತದೆ. ಅವಳನ್ನು ಕೊಂದಿಲ್ಲ, ಕನ್ಯೆಯಾಗಿ ಉಳಿಸಿದರಷ್ಟೇ ಎಂದು ಓದುವ ವ್ಯಾಖ್ಯಾನಕಾರರಿದ್ದಾರೆ. ಪಠ್ಯ ಅವರಿಗೆ ಹೆಚ್ಚು ನೆರವಾಗುವುದಿಲ್ಲ. ಅವಳಿಗೆ ಹೆಸರಿಲ್ಲ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರ ನಂಬಿಕೆಯ ವೀರರ ಪಟ್ಟಿಯಲ್ಲಿ ಅಬ್ರಹಾಮನ ಜೊತೆ ಯೆಪ್ತಾಹನನ್ನೂ ಸೇರಿಸುತ್ತದೆ. ಫಿಲಿಸ್ ಟ್ರಿಬಲ್ 1984ರ 'ಟೆಕ್ಸ್ಟ್ಸ್ ಆಫ್ ಟೆರರ್'ನಲ್ಲಿ ಈ ಮಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಟ್ರಿಬಲ್ ನಾಸ್ತಿಕರಲ್ಲ, ಬೈಬಲನ್ನು ಕೈಬಿಡದೆಯೇ ಅದರೊಡನೆ ಗುದ್ದಾಡಿದವರು.

ತತ್ವಜ್ಞಾನದಲ್ಲಿ ಈ ವಾದದ ಎರಡು ದೊಡ್ಡ ಹೆಸರು ಕಾಂಟ್ ಮತ್ತು ಕೀರ್ಕೆಗಾರ್ಡ್. ಕಾಂಟ್ 1798ರಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ವಿಷಯ ಮುಗಿಸುತ್ತಾನೆ. ಮಗನನ್ನು ಕೊಲ್ಲಬಾರದು ಎನ್ನುವುದು ಅಬ್ರಹಾಮನಿಗೆ ಖಚಿತ, ಮಾತಾಡುತ್ತಿರುವುದು ದೇವರೇ ಎನ್ನುವುದು ಖಚಿತವಲ್ಲ. ಹಾಗೆಂದು ಆ ದನಿಗೆ ಉತ್ತರ ಕೊಡಬೇಕಿತ್ತು. 1843ರಲ್ಲಿ ಕೀರ್ಕೆಗಾರ್ಡ್ 'ಫಿಯರ್ ಅಂಡ್ ಟ್ರೆಂಬ್ಲಿಂಗ್' ಪುಸ್ತಕವನ್ನು ಗುಪ್ತನಾಮದಲ್ಲಿ ತಂದು, ನೀತಿಯನ್ನೂ ಮೀರಿದ ಕರೆಯೊಂದು ಇರಬಹುದೇ ಎಂದು ಕೇಳಿದ. ಅವನನ್ನು ವಿಧೇಯತೆಯ ವಕೀಲ ಎಂದುಕೊಂಡವರು ಪುಸ್ತಕದ ಆರಂಭ ಓದಬೇಕು. ಅಲ್ಲಿ ಕಥೆಗೆ ನಾಲ್ಕು ಬೇರೆ ರೂಪಗಳಿವೆ. ಒಂದರಲ್ಲಿ, ಮಗ ದೇವರ ಮೇಲಿನ ನಂಬಿಕೆ ಕಳೆದುಕೊಳ್ಳದಿರಲಿ ಎಂದು ಅಪ್ಪ ತಾನೇ ರಾಕ್ಷಸನಂತೆ ನಟಿಸುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಮನೆಗೆ ಬರುತ್ತಾರೆ, ಇಸಾಕನ ನಂಬಿಕೆ ಮಾತ್ರ ಬರುವುದಿಲ್ಲ. ಮುಂದೆ ಒಬ್ಬ ಪಾದ್ರಿಯ ಪ್ರಸಂಗವಿದೆ. ಭಾನುವಾರ ಅಬ್ರಹಾಮನನ್ನು ಹೊಗಳಿದ ಆ ಪಾದ್ರಿ, ಅದನ್ನು ಕೇಳಿದವನೊಬ್ಬ ಮನೆಗೆ ಹೋಗಿ ಹಾಗೆಯೇ ಮಾಡಲು ಹೊರಟರೆ ಓಡಿ ಬಂದು ಅವನನ್ನು ಜರೆಯುತ್ತಾನೆ. ಇವತ್ತಿನ ಯಾವ ಸಮರ್ಥಕರೂ ಈ ಪ್ರಸಂಗವನ್ನು ದಾಟಿ ಬಂದಂತೆ ನನಗೆ ಕಂಡಿಲ್ಲ. ಮಾಡುವ ವಿಷಯಕ್ಕೆ ಬಂದರೆ ನಾನು ಕಾಂಟ್‌ನ ಪಕ್ಷ. ಓದುವ ವಿಷಯದಲ್ಲಿ ಕೀರ್ಕೆಗಾರ್ಡ್‌ನ ಪಕ್ಷ.

ಕಥೆಯ ಮೊದಲ ಸಾಲೇ ಇದು ಪರೀಕ್ಷೆ ಎನ್ನುತ್ತದೆ. ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವ ನನ್ನಂಥವನಿಗೆ ಇಲ್ಲಿ ತಕ್ಷಣ ಎರಡು ಅನುಮಾನ ಬರುತ್ತವೆ. ಗೊತ್ತಿಲ್ಲದ್ದನ್ನು ತಿಳಿಯಲು ಟೆಸ್ಟ್ ಮಾಡುತ್ತೇವೆ. ಎಲ್ಲ ಬಲ್ಲ ದೇವರಿಗೆ ಅದು ಯಾಕೆ? ಕತ್ತಿ ತಡೆದ ಮೇಲೆ, ನಿನ್ನ ಭಯಭಕ್ತಿ ಈಗ ಗೊತ್ತಾಯಿತು ಎಂಬ ಅರ್ಥದ ಮಾತು ಬರುತ್ತದೆ. ದೇವತಾಶಾಸ್ತ್ರಜ್ಞರು ಇದಕ್ಕೆ ಉತ್ತರ ಹುಡುಕಿದ್ದಾರೆ: ದೇವರಿಗಾಗಿ ಅಲ್ಲ, ಅಬ್ರಹಾಮ ತನ್ನನ್ನು ತಾನು ತಿಳಿಯಲೆಂದು. ಇರಲಿ. ಎರಡನೆಯ ಅನುಮಾನಕ್ಕೆ ಉತ್ತರ ಕಷ್ಟ. ಬಳಕೆದಾರರ ಜೀವಂತ ಡೇಟಾ ಮೇಲೆ ಟೆಸ್ಟ್ ಮಾಡಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಇಲ್ಲಿ ಪರೀಕ್ಷೆ ಅಬ್ರಹಾಮನದು, ಕತ್ತಿ ಇಸಾಕನ ಮೇಲೆ.

ಯೋಬನ ಪುಸ್ತಕದಲ್ಲೂ ಹೀಗೇ. ದೇವರ ಆಸ್ಥಾನದಲ್ಲಿ ಸೈತಾನ ಸವಾಲು ಹಾಕುತ್ತಾನೆ, ಯೋಬನ ಹತ್ತು ಮಕ್ಕಳು ಸಾಯುತ್ತಾರೆ. ಕನ್ನಡದ ಓದುಗರಿಗೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ' ನೆನಪಾಗದೆ ಇರದು. ಅಲ್ಲೂ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಪಂಥ. ಪರೀಕ್ಷೆ ರಾಜನ ಸತ್ಯಕ್ಕೆ, ಹಾವು ಕಚ್ಚುವುದು ಮಗ ಲೋಹಿತಾಶ್ವನಿಗೆ, ಕೊರಳು ಒಡ್ಡಬೇಕಾದವಳು ಚಂದ್ರಮತಿ. ಲೋಹಿತಾಶ್ವ ಎದ್ದು ಬರುತ್ತಾನೆ. ಯೋಬನ ಸತ್ತ ಮಕ್ಕಳು ಬರುವುದಿಲ್ಲ. ಕುರಿ, ಒಂಟೆ, ಎತ್ತು ಎರಡರಷ್ಟಾಗುತ್ತವೆ, ಬೇರೆ ಹತ್ತು ಮಕ್ಕಳು ಹುಟ್ಟುತ್ತಾರೆ. ಹೊಸ ಹೆಣ್ಣುಮಕ್ಕಳು ಮೂವರಿಗೂ ಹೆಸರಿದೆ, ಸತ್ತ ಒಬ್ಬರಿಗೂ ಇಲ್ಲ.

ಆದರೂ ಇದೇ ಪುಸ್ತಕದ ಕೊನೆಯಲ್ಲಿ ಎರಡೂ ಪಕ್ಷದವರು ನಿಂತು ನೋಡಬೇಕಾದ ತೀರ್ಪೊಂದಿದೆ. ಯೋಬನ ಮೂವರು ಗೆಳೆಯರು ಉದ್ದಕ್ಕೂ ದೇವರ ಪರ ವಾದಿಸಿದವರು: ದೇವರು ನ್ಯಾಯವಂತ, ಹಾಗಾಗಿ ತಪ್ಪು ನಿನ್ನದೇ ಇರಬೇಕು. ಯೋಬ ದೇವರ ಮೇಲೆ ಮೊಕದ್ದಮೆ ಹೂಡಿದವನು. 42ನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂಬುದು ತೀರ್ಪಿನ ಸಾರ. ದೇವರ ಮೇಲಿನ ಆಕ್ಷೇಪವನ್ನು ಹೊರಗಿನ ದಾಳಿ ಎಂದು ಬಗೆಯುವ ಭಕ್ತರು ಇದನ್ನು ಇನ್ನೊಮ್ಮೆ ಓದಬೇಕು. ಆ ಆಕ್ಷೇಪವನ್ನು ತಾವೇ ಕಂಡುಹಿಡಿದೆವು ಎಂದುಕೊಂಡ ಸಂದೇಹವಾದಿಗಳೂ ಓದಬೇಕು.

ಹಾಗಾದರೆ ಅಬ್ರಹಾಮ ಯಾಕೆ ಸುಮ್ಮನಿದ್ದ? ಪರರಿಗಾಗಿ ವಾದಿಸುವುದು ನ್ಯಾಯ, ತನ್ನವರಿಗಾಗಿ ವಾದಿಸುವುದು ಸ್ವಾರ್ಥ, ಅದಕ್ಕೇ ಸುಮ್ಮನಿದ್ದ ಎಂಬ ವಿವರಣೆಯೊಂದುಂಟು. ಸೊಗಸಾಗಿದೆ, ಆದರೆ ಎಲ್ಲಿ ತಪ್ಪುತ್ತದೆ ಎನ್ನುವುದೂ ಅದರಲ್ಲೇ ಇದೆ. ಇಸಾಕ ಅಬ್ರಹಾಮನ 'ತನ್ನದು' ಎಂದು ಒಪ್ಪಿಕೊಂಡರೆ ಮಾತ್ರ ಅವನನ್ನು ಕೊಡುವುದು ತ್ಯಾಗ, ಉಳಿಸಿಕೊಳ್ಳುವುದು ಸ್ವಾರ್ಥ. ಮಗನ ಜೀವ ಮಗನದೇ ಎಂದಾಕ್ಷಣ ಅವನೂ ಸೊದೋಮಿನವರ ಹಾಗೆ ಇನ್ನೊಬ್ಬ. ಅವನಿಗಾಗಿ ವಾದಿಸುವುದು ಸ್ವಾರ್ಥವಲ್ಲ. ಸಂದೇಹವಾದಿಗಳು ಈ ವಾದಕ್ಕೆ ತಂದ ನಿಜವಾದ ಕೊಡುಗೆ ಇದೇ ಎಂದು ನನಗನ್ನಿಸುತ್ತದೆ. ದೇವರಿದ್ದಾನೋ ಇಲ್ಲವೋ ಎನ್ನುವುದಕ್ಕಿಂತ, ಕಟ್ಟಿಹಾಕಿದ ಮಗುವನ್ನು ಕಥೆಯ ಮೂರನೆಯ ಮನುಷ್ಯನಾಗಿ ನೋಡಿರಿ ಎಂದು ಅವರು ಒತ್ತಾಯಿಸಿದ್ದಾರೆ.

1918ರ ನವೆಂಬರಿನಲ್ಲಿ, ಯುದ್ಧ ಮುಗಿಯಲು ಒಂದು ವಾರವಿರುವಾಗ ಸತ್ತ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್ ಈ ಕಥೆಯ ಮೇಲೆ ಒಂದು ಕವಿತೆ ಬರೆದಿದ್ದ. ಅದರಲ್ಲಿ ದೂತ ಬರುತ್ತಾನೆ, ಟಗರನ್ನು ತೋರಿಸುತ್ತಾನೆ, ಮುದುಕ ಕೇಳುವುದಿಲ್ಲ; ಮಗನನ್ನು ಕೊಲ್ಲುತ್ತಾನೆ, ಯುರೋಪಿನ ಅರ್ಧ ಮಕ್ಕಳನ್ನೂ. ಓವನ್‌ನ ಸಿಟ್ಟು ದೇವರ ಮೇಲಲ್ಲ, ಮಕ್ಕಳನ್ನು ಕಳಿಸಿಕೊಟ್ಟ ಹಿರಿಯರ ಮೇಲೆ. ಯಾವುದೋ ದೊಡ್ಡದರ ಹೆಸರಿನಲ್ಲಿ ತಮ್ಮದಲ್ಲದ ಜೀವವನ್ನು ಅರ್ಪಿಸಲು ಹೊರಟ ಹಿರಿಯರು ಎಲ್ಲ ಕಾಲದಲ್ಲೂ ಇದ್ದಾರೆ. ಅವರಲ್ಲಿ ಆಸ್ತಿಕರೂ ಇದ್ದಾರೆ, ದೇವರನ್ನು ನಂಬದವರೂ ಇದ್ದಾರೆ. ಅಂಥವರಿಗೆ ನೆನಪಿಸಬೇಕಾದದ್ದು 18ನೆಯ ಅಧ್ಯಾಯದ ಅಬ್ರಹಾಮನನ್ನು. ಅವನು ದೇವರನ್ನು ಬಿಡಲಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ.